ಶಾಲೆಯಿಂದ ಶಾಸಕಾಂಗಕ್ಕೆ: ಶಿಕ್ಷಕ ಅಭ್ಯರ್ಥಿಗಳೂ ಶಿಕ್ಷಕ ಮತದಾರರೂ ತಿಳಿದಿರಬೇಕಾದ ನಿಯಮಗಳು

ಬೋಧನೆಯನ್ನೇ ಜೀವನವೃತ್ತಿಯಾಗಿಸಿಕೊಂಡವರು ಚುನಾವಣೆಯ ಮೂಲಕ ಕರ್ನಾಟಕದ ಶಾಸಕಾಂಗವನ್ನು ಪ್ರವೇಶಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು 224 ಸದಸ್ಯರ ವಿಧಾನಸಭೆ. ಅಲ್ಲಿ ಶಿಕ್ಷಕರಿಗೆಂದು ಪ್ರತ್ಯೇಕ ವ್ಯವಸ್ಥೆಯೇನೂ ಇಲ್ಲ, ಎಲ್ಲ ವೃತ್ತಿಯವರಂತೆ ಅವರೂ ಸಾಮಾನ್ಯ ಮತದಾರರ ಮುಂದೆ ನಿಲ್ಲಬೇಕು. ಎರಡನೆಯದು 75 ಸದಸ್ಯರ ವಿಧಾನ ಪರಿಷತ್ತು, ಅಂದರೆ ಮೇಲ್ಮನೆ. ಅದರ 7 ಸ್ಥಾನಗಳಿಗೆ ಶಿಕ್ಷಕರೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸುತ್ತಾರೆ. ಈ ಎರಡನೆಯ ದಾರಿಯ ಬಗ್ಗೆ ಶಿಕ್ಷಕ ವಲಯದಲ್ಲಿಯೇ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ: ಶಿಕ್ಷಕರ ಕ್ಷೇತ್ರದಲ್ಲಿ ಶಿಕ್ಷಕರು ಮಾತ್ರ ಸ್ಪರ್ಧಿಸಬಹುದು ಎಂದು ಅನೇಕರು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಆ ಕ್ಷೇತ್ರದಲ್ಲಿ ಶಿಕ್ಷಕರಿಗೆ ಮೀಸಲಾಗಿರುವುದು ಮತದ ಹಕ್ಕು ಮಾತ್ರ, ಸ್ಥಾನವಲ್ಲ. ಈ ಒಂದು ವ್ಯತ್ಯಾಸವನ್ನು ಅರಿತರೆ ಯಾರು ನಿಲ್ಲಬಹುದು, ಯಾರು ಕೆಲಸ ಬಿಟ್ಟು ನಿಲ್ಲಬೇಕು, ಯಾರು ಹೆಸರು ನೋಂದಾಯಿಸಬೇಕು ಎಂಬ ಉಳಿದ ನಿಯಮಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು ಅರ್ಥವಾಗುತ್ತವೆ.

ಶಿಕ್ಷಕರ ಕ್ಷೇತ್ರ ಎಂದರೇನು

ಭಾರತದಲ್ಲಿ ಇಂದು ವಿಧಾನ ಪರಿಷತ್ತು ಇರುವುದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಉತ್ತರಪ್ರದೇಶ ಮತ್ತು ಬಿಹಾರ ಎಂಬ ಆರು ರಾಜ್ಯಗಳಲ್ಲಿ ಮಾತ್ರ. ಸಂವಿಧಾನದ 171ನೇ ವಿಧಿಯು ಪರಿಷತ್ತಿನ ಸ್ಥಾನಗಳನ್ನು ಐದು ಬಗೆಯಾಗಿ ಹಂಚಿದೆ. ಅದರಂತೆ ಕರ್ನಾಟಕದಲ್ಲಿ 25 ಸದಸ್ಯರನ್ನು ವಿಧಾನಸಭೆಯ ಸದಸ್ಯರು ಆರಿಸುತ್ತಾರೆ. 25 ಸದಸ್ಯರನ್ನು ಗ್ರಾಮ ಪಂಚಾಯಿತಿ, ನಗರಸಭೆಗಳಂತಹ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಆರಿಸುತ್ತಾರೆ. 7 ಸದಸ್ಯರನ್ನು ಪದವೀಧರರೂ 7 ಸದಸ್ಯರನ್ನು ಶಿಕ್ಷಕರೂ ಚುನಾಯಿಸುತ್ತಾರೆ. ಉಳಿದ 11 ಮಂದಿಯನ್ನು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಮತ್ತು ಸಮಾಜಸೇವೆಯ ಕ್ಷೇತ್ರಗಳಿಂದ ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಪರಿಷತ್ತು ವಿಧಾನಸಭೆಯಂತೆ ಅವಧಿ ಮುಗಿದೊಡನೆ ವಿಸರ್ಜನೆಯಾಗುವ ಸದನವಲ್ಲ. ಪ್ರತಿಯೊಬ್ಬ ಸದಸ್ಯರ ಅವಧಿ ಆರು ವರ್ಷವಾಗಿದ್ದು, ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗದ ಸದಸ್ಯರು ನಿವೃತ್ತರಾಗುವುದರಿಂದ, ಏಳೂ ಶಿಕ್ಷಕರ ಕ್ಷೇತ್ರಗಳಿಗೆ ಒಂದೇ ಸಲ ಚುನಾವಣೆ ನಡೆಯುವುದಿಲ್ಲ.

ಈ ಏಳು ಕ್ಷೇತ್ರಗಳು ಬೆಂಗಳೂರು, ದಕ್ಷಿಣ, ಆಗ್ನೇಯ, ನೈಋತ್ಯ, ಪಶ್ಚಿಮ, ವಾಯವ್ಯ ಮತ್ತು ಈಶಾನ್ಯ ಎಂಬ ಹೆಸರಿನವು. ಒಂದೊಂದೂ ಹಲವು ಜಿಲ್ಲೆಗಳನ್ನು ಒಳಗೊಂಡಿದೆ: ಪಶ್ಚಿಮ ಕ್ಷೇತ್ರದಲ್ಲಿ ಧಾರವಾಡ, ಗದಗ, ಹಾವೇರಿ ಮತ್ತು ಉತ್ತರಕನ್ನಡ, ವಾಯವ್ಯದಲ್ಲಿ ಬೆಳಗಾವಿ, ವಿಜಯಪುರ ಮತ್ತು ಬಾಗಲಕೋಟೆ, ದಕ್ಷಿಣದಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಹಾಸನ ಜಿಲ್ಲೆಗಳು ಸೇರಿವೆ. ಆದ್ದರಿಂದ ಅಭ್ಯರ್ಥಿಯು ತಲುಪಬೇಕಾದ ಮತದಾರರ ಸಂಖ್ಯೆ ವಿಧಾನಸಭಾ ಕ್ಷೇತ್ರಕ್ಕಿಂತ ತೀರ ಕಡಿಮೆಯಾದರೂ, ಅವರನ್ನು ಕಾಣಲು ಓಡಾಡಬೇಕಾದ ಭೂಪ್ರದೇಶ ಲೋಕಸಭಾ ಕ್ಷೇತ್ರವೊಂದಕ್ಕಿಂತ ದೊಡ್ಡದಾಗಿರುತ್ತದೆ. ಕಾರವಾರದ ಕಡಲತೀರದ ಪ್ರೌಢಶಾಲೆಗೂ ಗದಗಿನ ಎರೆನೆಲದ ಪದವಿಪೂರ್ವ ಕಾಲೇಜಿಗೂ ಒಬ್ಬರೇ ಪ್ರತಿನಿಧಿ ಇರುವಾಗ, ಪ್ರಚಾರದ ವೆಚ್ಚವೂ ವೇಳೆಯೂ ಓಡಾಟದಲ್ಲಿಯೇ ಹೆಚ್ಚಾಗಿ ಸವೆಯುತ್ತವೆ.

ಅಭ್ಯರ್ಥಿಯ ಅರ್ಹತೆ

ಸಂವಿಧಾನದ 173ನೇ ವಿಧಿಯ ಪ್ರಕಾರ ಅಭ್ಯರ್ಥಿಯು ಭಾರತದ ಪ್ರಜೆಯಾಗಿರಬೇಕು. ವಿಧಾನಸಭೆಗೆ ಕನಿಷ್ಠ 25 ವರ್ಷ, ವಿಧಾನ ಪರಿಷತ್ತಿಗೆ ಕನಿಷ್ಠ 30 ವರ್ಷ ವಯಸ್ಸಾಗಿರಬೇಕು. ಇದರ ಜೊತೆಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯು, ರಾಜ್ಯದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅಭ್ಯರ್ಥಿಯ ಹೆಸರಿರಬೇಕೆಂದು ವಿಧಿಸುತ್ತದೆ. ಮೀಸಲು ವಿಧಾನಸಭಾ ಕ್ಷೇತ್ರದಲ್ಲಿ ನಿಲ್ಲುವವರು ಆಯಾ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬೇಕು. ಈ ಅರ್ಹತೆಗಳ ಪಟ್ಟಿಯಲ್ಲಿ ಅಭ್ಯರ್ಥಿಯು ಶಿಕ್ಷಕರಾಗಿರಬೇಕೆಂಬ ಮಾತು ಎಲ್ಲಿಯೂ ಇಲ್ಲ. ಅವರು ಆ ಶಿಕ್ಷಕರ ಕ್ಷೇತ್ರದ ನಿವಾಸಿಯಾಗಿರಬೇಕೆಂಬ ಕಟ್ಟುಪಾಡು ಕೂಡ ಇಲ್ಲ.

ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. ಮದ್ರಾಸಿನ ಪದವೀಧರರ ಕ್ಷೇತ್ರದಿಂದ ಆಯ್ಕೆಯಾದವರೊಬ್ಬರು ಪದವೀಧರರಲ್ಲ ಎಂಬ ಕಾರಣಕ್ಕೆ ಅವರ ಆಯ್ಕೆಯನ್ನು ಪ್ರಶ್ನಿಸಿದ್ದ ಜಿ. ನಾರಾಯಣಸ್ವಾಮಿ ಮತ್ತು ಜಿ. ಪನ್ನೀರ್‌ಸೆಲ್ವಂ ಪ್ರಕರಣದಲ್ಲಿ, 1972ರಲ್ಲಿ ತೀರ್ಪಿತ್ತ ನ್ಯಾಯಾಲಯವು, 171ನೇ ವಿಧಿಯು ಮತ ಹಾಕುವವರು ಯಾರು ಎಂಬುದನ್ನು ಹೇಳುತ್ತದೆಯೇ ಹೊರತು ಆಯ್ಕೆಯಾಗುವವರ ವಿದ್ಯಾರ್ಹತೆಯನ್ನು ನಿಗದಿಪಡಿಸುವುದಿಲ್ಲ, ಶಾಸನದಲ್ಲಿ ಇಲ್ಲದ ಅರ್ಹತೆಯನ್ನು ನ್ಯಾಯಾಲಯವು ಸೇರಿಸಲಾಗದು ಎಂಬ ನಿಲುವು ತಳೆಯಿತು. ಅದೇ ತರ್ಕ ಶಿಕ್ಷಕರ ಕ್ಷೇತ್ರಕ್ಕೂ ಅನ್ವಯಿಸುತ್ತದೆ.

ಕರ್ನಾಟಕದ ಅನುಭವದಲ್ಲಿ ಎರಡೂ ಬಗೆಯ ಉದಾಹರಣೆಗಳು ದೊರೆಯುತ್ತವೆ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಆಯ್ಕೆಯಾಗಿ, 2022ರ ಚುನಾವಣೆಯೂ ಸೇರಿ ಸತತ ಎಂಟು ಸಲ ಅದೇ ಕ್ಷೇತ್ರದಿಂದ ಗೆದ್ದರು. ಶಿಕ್ಷಣ ಸಚಿವರಾಗಿ, ಪರಿಷತ್ತಿನ ಸಭಾಪತಿಯಾಗಿ ಕೆಲಸ ಮಾಡಿದರು. ಅದೇ 2022ರಲ್ಲಿ ವಾಯವ್ಯ ಶಿಕ್ಷಕರ ಕ್ಷೇತ್ರದಿಂದ ಗೆದ್ದ ಪ್ರಕಾಶ ಹುಕ್ಕೇರಿ, ಅದಕ್ಕೆ ಮೊದಲೇ ಸಚಿವರೂ ಚಿಕ್ಕೋಡಿಯ ಲೋಕಸಭಾ ಸದಸ್ಯರೂ ಆಗಿದ್ದ ವೃತ್ತಿ ರಾಜಕಾರಣಿ. ನೈಋತ್ಯ ಶಿಕ್ಷಕರ ಕ್ಷೇತ್ರವನ್ನು ಹಿಂದೆ ಪ್ರತಿನಿಧಿಸಿದ್ದ ಗಣೇಶ ಕಾರ್ಣಿಕ್ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ಈ ಮೂವರ ಆಯ್ಕೆಗೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಬೆಲೆ.

ಸೇವೆಯಲ್ಲಿರುವ ಶಿಕ್ಷಕರ ತೊಡಕು

ಶಿಕ್ಷಕರಲ್ಲದವರು ನಿಲ್ಲಬಹುದಾದ ಈ ಕ್ಷೇತ್ರದಲ್ಲಿ ಸರ್ಕಾರಿ ಸೇವೆಯಲ್ಲಿರುವ ಶಿಕ್ಷಕರು ಮಾತ್ರ ನಿಲ್ಲುವಂತಿಲ್ಲ. ಸಂವಿಧಾನದ 191ನೇ ವಿಧಿಯು ಎರಡೂ ಸದನಗಳಿಗೆ ಅನ್ವಯಿಸುವಂತೆ, ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆ ಹೊಂದಿರುವವರನ್ನು ಅನರ್ಹಗೊಳಿಸುತ್ತದೆ. ಲಾಭದಾಯಕ ಹುದ್ದೆ ಎಂದರೆ ವೇತನ ಅಥವಾ ಅದಕ್ಕೆ ಸಮನಾದ ಆರ್ಥಿಕ ಪ್ರಯೋಜನ ತರುವ, ಸರ್ಕಾರದ ಹಿಡಿತದಲ್ಲಿರುವ ಸ್ಥಾನ. ಶಾಸಕರು ಸರ್ಕಾರವನ್ನು ಪ್ರಶ್ನಿಸಬೇಕಾದವರಾದ್ದರಿಂದ ಅದೇ ಸರ್ಕಾರದ ಸಂಬಳದ ಋಣದಲ್ಲಿ ಇರಬಾರದು ಎಂಬುದು ಇದರ ಹಿಂದಿನ ತತ್ತ್ವ. 1956ರ ಕರ್ನಾಟಕ ವಿಧಾನಮಂಡಲ (ಅನರ್ಹತಾ ನಿವಾರಣಾ) ಕಾಯ್ದೆಯು ಕೆಲವು ಹುದ್ದೆಗಳಿಗೆ ವಿನಾಯಿತಿ ನೀಡಿದೆಯಾದರೂ, ಸರ್ಕಾರಿ ಶಾಲೆಯ ಸಾಮಾನ್ಯ ಶಿಕ್ಷಕ ಹುದ್ದೆಗೆ ಅದರ ಆಸರೆಯಿದೆ ಎಂದು ಭಾವಿಸಿ ನಾಮಪತ್ರ ಸಲ್ಲಿಸುವುದು ಅಪಾಯಕರ. ಇದಲ್ಲದೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು ಸರ್ಕಾರಿ ನೌಕರರು ಚುನಾವಣೆಯಲ್ಲಿ ಪ್ರಚಾರ ಮಾಡುವುದನ್ನು, ಶಾಸನಸಭೆಗೆ ಸ್ಪರ್ಧಿಸುವುದನ್ನು ನಿಷೇಧಿಸುತ್ತವೆ. ಮತ ಹಾಕುವ ಹಕ್ಕನ್ನು ಮಾತ್ರ ಉಳಿಸುತ್ತವೆ.

ಅನುದಾನಿತ ಖಾಸಗಿ ಶಾಲೆ, ಕಾಲೇಜುಗಳ ಸಿಬ್ಬಂದಿಯ ಸ್ಥಿತಿ ಬೇರೆ. ಅವರ ಸಂಬಳದ ಹಣ ಸರ್ಕಾರದಿಂದ ಬಂದರೂ ನೇಮಿಸುವುದು ಆಡಳಿತ ಮಂಡಳಿ. ಇಂತಹ ಸಂದರ್ಭಗಳಲ್ಲಿ ನ್ಯಾಯಾಲಯಗಳು ನಾಲ್ಕು ಪ್ರಶ್ನೆಗಳನ್ನು ಕೇಳುತ್ತ ಬಂದಿವೆ: ನೇಮಿಸುವ ಅಧಿಕಾರ ಯಾರದು, ವಜಾ ಮಾಡುವ ಅಧಿಕಾರ ಯಾರದು, ಕೆಲಸದ ಮೇಲಿನ ಹಿಡಿತ ಯಾರದು, ಸಂಬಳ ಎಲ್ಲಿಂದ ಬರುತ್ತದೆ. ಅಜ್ಮೀರದ ದರ್ಗಾ ಸಮಿತಿ ನಡೆಸುತ್ತಿದ್ದ ಮದರಸಾದ ವ್ಯವಸ್ಥಾಪಕರಾಗಿದ್ದ ಅಬ್ದುಲ್ ಶಕೂರ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಮಿತಿಯ ಮೇಲೆ ಸರ್ಕಾರಕ್ಕೆ ಹಿಡಿತವಿದ್ದ ಮಾತ್ರಕ್ಕೆ ಆ ಸಮಿತಿಯ ನೌಕರರು ಸರ್ಕಾರದ ಅಧೀನದ ಹುದ್ದೆಯಲ್ಲಿದ್ದಾರೆ ಎನ್ನಲಾಗದು ಎಂದು ತೀರ್ಮಾನಿಸಿತು. ಹಾಗೆಂದು ಪ್ರತಿಯೊಬ್ಬ ಅನುದಾನಿತ ಶಿಕ್ಷಕರೂ ನಿಶ್ಚಿಂತರಾಗಿರಬಹುದೆಂದಲ್ಲ. ಸಂಸ್ಥೆಯ ಸೇವಾ ನಿಯಮಗಳು ಸ್ಪರ್ಧೆಗೆ ಅನುಮತಿ ಬೇಡಬಹುದು, ರಜೆಯ ಬಗ್ಗೆ ಷರತ್ತು ಹಾಕಿರಬಹುದು. ಆದ್ದರಿಂದ ನಾಮಪತ್ರಕ್ಕೆ ಮೊದಲೇ ನೇಮಕಾತಿ ಆದೇಶ, ಸೇವಾ ನಿಯಮಗಳ ಪ್ರತಿ ಮತ್ತು ಆಡಳಿತ ಮಂಡಳಿಯ ಲಿಖಿತ ಅನುಮತಿಯೊಂದಿಗೆ ಚುನಾವಣಾ ಕಾನೂನು ಬಲ್ಲ ವಕೀಲರ ಅಭಿಪ್ರಾಯ ಪಡೆಯುವುದು ಲೇಸು. ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೂ ಇದೇ ಮಾತು ಸಲ್ಲುತ್ತದೆ.

ಸರ್ಕಾರಿ ಸೇವೆಯಲ್ಲಿರುವವರಿಗೆ ಉಳಿಯುವುದು ನಿವೃತ್ತಿ, ಸ್ವಯಂನಿವೃತ್ತಿ ಅಥವಾ ರಾಜೀನಾಮೆ. ರಾಜೀನಾಮೆ ಮತ್ತು ಸ್ವಯಂನಿವೃತ್ತಿ ಒಂದೇ ಅಲ್ಲ: ಸ್ವಯಂನಿವೃತ್ತಿಯಲ್ಲಿ ಮುಂಗಡ ಸೂಚನೆ ನೀಡಿ, ನಿಗದಿತ ಸೇವಾವಧಿ ಮುಗಿಸಿದವರು ನಿವೃತ್ತಿ ಸೌಲಭ್ಯಗಳೊಂದಿಗೆ ಹೊರಬರುತ್ತಾರೆ, ರಾಜೀನಾಮೆಯಲ್ಲಿ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಬಿಟ್ಟುಹೋಗುವ ಸಂಭವವಿದೆ. ನಾಮಪತ್ರಗಳ ಪರಿಶೀಲನೆಗೆ ಗೊತ್ತುಪಡಿಸಿದ ದಿನದಂದು ಅಭ್ಯರ್ಥಿಯು ಅರ್ಹರಾಗಿರಬೇಕು ಎಂಬುದು 1951ರ ಕಾಯ್ದೆಯ ಅಳತೆಗೋಲು. ಅರ್ಜಿ ಕೊಟ್ಟಿದ್ದರೆ ಸಾಲದು, ಅದು ಅಂಗೀಕಾರವಾಗಿ ಸೇವೆಯಿಂದ ಬಿಡುಗಡೆಯಾದ ಆದೇಶ ಕೈಯಲ್ಲಿರಬೇಕು. ಚುನಾವಣೆ ಪ್ರಕಟವಾದ ಮೇಲೆ ಈ ಕಡತವನ್ನು ಓಡಿಸಲು ಸಿಗುವ ಕಾಲ ಅತ್ಯಲ್ಪವಾದ್ದರಿಂದ, ಸ್ಪರ್ಧಿಸುವ ಮನಸ್ಸಿದ್ದವರು ತಿಂಗಳುಗಳ ಮೊದಲೇ ತೀರ್ಮಾನಿಸಬೇಕಾಗುತ್ತದೆ. ಭ್ರಷ್ಟಾಚಾರ ಅಥವಾ ರಾಜ್ಯನಿಷ್ಠೆಯ ಕೊರತೆಯ ಕಾರಣಕ್ಕೆ ಸರ್ಕಾರಿ ಸೇವೆಯಿಂದ ವಜಾಗೊಂಡವರು ಐದು ವರ್ಷ ಅನರ್ಹರು. ಬೇರೆ ಕಾರಣಕ್ಕೆ ಐದು ವರ್ಷದೊಳಗೆ ವಜಾಗೊಂಡವರು ಚುನಾವಣಾ ಆಯೋಗದ ದೃಢೀಕರಣ ಪತ್ರವನ್ನು ನಾಮಪತ್ರದೊಂದಿಗೆ ಲಗತ್ತಿಸಬೇಕು.

ಈ ತೊಡಕಿನ ಪರಿಣಾಮ ಇಡೀ ಕ್ಷೇತ್ರದ ಸ್ವರೂಪದ ಮೇಲೆ ಬಿದ್ದಿದೆ. ಮತದಾರರಲ್ಲಿ ದೊಡ್ಡ ಪಾಲು ಸರ್ಕಾರಿ ಪ್ರೌಢಶಾಲೆ ಮತ್ತು ಕಾಲೇಜುಗಳವರದು. ಸ್ಪರ್ಧಿಸಲು ಸಂಬಳವನ್ನೇ ಬಿಡಬೇಕಾದವರು ಕೂಡ ಅವರೇ. ಹೀಗಾಗಿ ಕಣದಲ್ಲಿ ನಿವೃತ್ತರು, ಖಾಸಗಿ ಮತ್ತು ಅನುದಾನಿತ ಸಂಸ್ಥೆಗಳವರು, ಶಿಕ್ಷಣ ಸಂಸ್ಥೆಗಳ ಒಡೆಯರು ಹಾಗೂ ಪಕ್ಷಗಳ ಪೂರ್ಣಾವಧಿ ರಾಜಕಾರಣಿಗಳೇ ಹೆಚ್ಚಾಗಿ ಕಾಣುತ್ತಾರೆ.

ಮತದಾರರ ಪಟ್ಟಿ: ನಮೂನೆ 19

ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಲಾಗದು. ಅದಕ್ಕೆ ಬೇರೆಯೇ ಪಟ್ಟಿಯಿದೆ. ಹಳೆಯ ಪಟ್ಟಿಯನ್ನೇ ತಿದ್ದಿ ಮುಂದುವರಿಸದೆ ಪ್ರತಿ ಚುನಾವಣೆಗೂ ಅದನ್ನು ಹೊಸದಾಗಿ ಸಿದ್ಧಪಡಿಸಲಾಗುತ್ತದೆ. ಹಿಂದಿನ ಚುನಾವಣೆಯಲ್ಲಿ ಮತ ಹಾಕಿದವರು ಸಹ ಮತ್ತೆ ಅರ್ಜಿ ಸಲ್ಲಿಸಬೇಕೆಂಬುದನ್ನು ಮರೆತು ಮತಗಟ್ಟೆಯಿಂದ ಹಿಂತಿರುಗುವವರು ಪ್ರತಿ ಸಲವೂ ಇರುತ್ತಾರೆ.

1950ರ ಪ್ರಜಾಪ್ರತಿನಿಧಿ ಕಾಯ್ದೆಯ 27ನೇ ಪ್ರಕರಣದ ಪ್ರಕಾರ, ಅರ್ಹತಾ ದಿನಾಂಕಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ರಾಜ್ಯದೊಳಗಿನ, ಪ್ರೌಢಶಾಲೆಗಿಂತ ಕೆಳಗಿನದಲ್ಲದ, ನಿರ್ದಿಷ್ಟಪಡಿಸಿದ ಶಿಕ್ಷಣ ಸಂಸ್ಥೆಯಲ್ಲಿ ಬೋಧಿಸಿದವರು ನೋಂದಣಿಗೆ ಅರ್ಹರು. ಅರ್ಹತಾ ದಿನಾಂಕ ಎಂದರೆ ಅರ್ಹತೆಯನ್ನು ಲೆಕ್ಕಹಾಕುವ ದಿನ. ಪಟ್ಟಿಯ ತಯಾರಿ ಆರಂಭವಾದ ವರ್ಷದ ನವೆಂಬರ್ 1 ಆ ದಿನವಾಗಿರುತ್ತದೆ. ಈ ನಿಯಮದಿಂದ ನಾಲ್ಕು ಉಪಯುಕ್ತ ತೀರ್ಮಾನಗಳು ಹೊರಡುತ್ತವೆ. ಮೂರು ವರ್ಷ ಎಡೆಬಿಡದೆ ಕಲಿಸಿರಬೇಕಿಲ್ಲ. ಆರು ವರ್ಷದೊಳಗಿನ ಬಿಡಿ ಅವಧಿಗಳನ್ನು ಕೂಡಿಸಬಹುದು. ನಿವೃತ್ತರಾಗಿ ಮೂರು ವರ್ಷ ಮೀರದವರು, ಅದಕ್ಕೆ ಮುಂಚೆ ನಿರಂತರ ಸೇವೆಯಲ್ಲಿದ್ದಿದ್ದರೆ, ಇನ್ನೂ ಮತದಾರರಾಗಬಹುದು. ಪ್ರಾಥಮಿಕ ಶಾಲೆಯಲ್ಲಿ ಮಾತ್ರ ಕಲಿಸುವವರು, ಎಷ್ಟೇ ಹಿರಿಯರಾಗಿರಲಿ, ಈ ಪಟ್ಟಿಗೆ ಸೇರಲಾರರು. ನೋಂದಣಿಯಾಗುವುದು ಶಾಲೆ ಇರುವ ಕ್ಷೇತ್ರದಲ್ಲಲ್ಲ, ಶಿಕ್ಷಕರು ವಾಸವಿರುವ ಕ್ಷೇತ್ರದಲ್ಲಿ. ತುಮಕೂರಿನಲ್ಲಿ ಮನೆ ಮಾಡಿಕೊಂಡು ದಿನವೂ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಬರುವವರು ಆಗ್ನೇಯ ಕ್ಷೇತ್ರದ ಮತದಾರರೇ ಹೊರತು ಬೆಂಗಳೂರು ಕ್ಷೇತ್ರದವರಲ್ಲ.

ನೋಂದಣಿಗೆ ಸಲ್ಲಿಸಬೇಕಾದ ಅರ್ಜಿಯ ಹೆಸರು ನಮೂನೆ 19. ಪದವೀಧರರ ಕ್ಷೇತ್ರಕ್ಕಾದರೆ ಅದು ನಮೂನೆ 18. ನಮೂನೆ 19ರ ಜೊತೆಗೆ ಮುಖ್ಯೋಪಾಧ್ಯಾಯರು ಅಥವಾ ಪ್ರಾಂಶುಪಾಲರು ಸಹಿ ಮಾಡಿದ, ಬೋಧನಾ ಅವಧಿಯನ್ನು ದೃಢೀಕರಿಸುವ ಪತ್ರ ಬೇಕು. ಆರು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಸಂಸ್ಥೆಗಳಲ್ಲಿ ಕಲಿಸಿದವರು ಆಯಾ ಸಂಸ್ಥೆಗಳಿಂದ ಪತ್ರ ತರಬೇಕಾದೀತು. ಅತಿಥಿ ಉಪನ್ಯಾಸಕರಂತೆ ಪ್ರತಿ ವರ್ಷ ಹೊಸದಾಗಿ ನೇಮಕಗೊಳ್ಳುವವರು ತಮ್ಮ ಆದೇಶಗಳ ಪ್ರತಿಗಳನ್ನು ವರ್ಷವಾರು ಜೋಡಿಸಿಟ್ಟುಕೊಂಡು, ಅರ್ಹತೆಯ ಬಗ್ಗೆ ನೋಂದಣಾಧಿಕಾರಿಯ ಕಚೇರಿಯಲ್ಲಿ ಮುಂಚೆಯೇ ವಿಚಾರಿಸುವುದು ಒಳಿತು. ಕರ್ನಾಟಕದಲ್ಲಿ ಈ ಪಟ್ಟಿಯ ನೋಂದಣಾಧಿಕಾರಿಗಳು ಪ್ರಾದೇಶಿಕ ಆಯುಕ್ತರು. ಅವರ ಕೈಕೆಳಗಿನ ಅಧಿಕಾರಿಗಳ ಮೂಲಕ ತಾಲ್ಲೂಕು ಮಟ್ಟದಲ್ಲಿಯೂ ಅರ್ಜಿಗಳನ್ನು ಪಡೆಯಲಾಗುತ್ತದೆ. ಅಭ್ಯರ್ಥಿಯ ಬೆಂಬಲಿಗರೋ ಪಕ್ಷದವರೋ ಅರ್ಜಿಗಳನ್ನು ಕಟ್ಟುಕಟ್ಟಾಗಿ ತಂದುಕೊಟ್ಟರೆ ಆಯೋಗದ ಸೂಚನೆಯಂತೆ ಅವು ಸ್ವೀಕಾರವಾಗುವುದಿಲ್ಲ. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಾಗಿ ಕಳುಹಿಸಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಯಾವ ಹೆಸರೂ ಸೇರುವುದಿಲ್ಲ.

ನಾಮಪತ್ರದ ಕಟ್ಟು

ಮಾನ್ಯತೆ ಪಡೆದ ರಾಜಕೀಯ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೂ ನೋಂದಾಯಿತ ಆದರೆ ಮಾನ್ಯತೆಯಿಲ್ಲದ ಪಕ್ಷದವರಿಗೂ ಹತ್ತು ಸೂಚಕರು ಬೇಕು. ಸೂಚಕರು ಎಂದರೆ ಅಭ್ಯರ್ಥಿಯ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರು. ಅವರು ಅದೇ ಕ್ಷೇತ್ರದ ಪಟ್ಟಿಯಲ್ಲಿರಬೇಕಾದ್ದರಿಂದ, ಶಿಕ್ಷಕರ ಕ್ಷೇತ್ರದ ಪಕ್ಷೇತರ ಅಭ್ಯರ್ಥಿಯ ಮೊದಲ ಪರೀಕ್ಷೆ ಹೊಸ ಪಟ್ಟಿಯಲ್ಲಿ ಹೆಸರಿರುವ ಹತ್ತು ಶಿಕ್ಷಕರನ್ನು ಒಂದೆಡೆ ಸೇರಿಸುವುದೇ ಆಗಿದೆ. ಎರಡೂ ಸದನಗಳ ಚುನಾವಣೆಗೆ ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಭ್ಯರ್ಥಿಗಳಿಗೆ 5,000 ರೂಪಾಯಿ. ಒಬ್ಬರು ಒಂದೇ ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಒಂದರಲ್ಲಿ ದೋಷ ಕಂಡುಬಂದರೆ ಮತ್ತೊಂದು ಉಳಿಯಲಿ ಎಂಬುದು ಇದರ ಉದ್ದೇಶ.

ನಾಮಪತ್ರದ ಜೊತೆ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸಬೇಕು. ಅಭ್ಯರ್ಥಿಯ, ಸಂಗಾತಿಯ ಮತ್ತು ಅವಲಂಬಿತರ ಆಸ್ತಿ, ಸಾಲ, ಆದಾಯ ಹಾಗೂ ಅಭ್ಯರ್ಥಿಯ ವಿದ್ಯಾರ್ಹತೆ ಮತ್ತು ಅಪರಾಧ ಪ್ರಕರಣಗಳ ವಿವರ ಅದರಲ್ಲಿರುತ್ತದೆ. ಯಾವ ಅಂಕಣವನ್ನೂ ಖಾಲಿ ಬಿಡದೆ, ಹೇಳಲು ಏನೂ ಇಲ್ಲದಿದ್ದಲ್ಲಿ ಇಲ್ಲ ಎಂದೇ ಬರೆಯಬೇಕು. ಶಿಕ್ಷಕರ ಮಟ್ಟಿಗೆ ಮುಖ್ಯವಾಗುವ ವಿವರಗಳು ಭವಿಷ್ಯನಿಧಿ, ಸಹಕಾರ ಸಂಘದ ಸಾಲ ಮತ್ತು ಜೀವವಿಮೆಯವು. ಸಂವಿಧಾನಕ್ಕೆ ನಿಷ್ಠೆ ವ್ಯಕ್ತಪಡಿಸುವ ಪ್ರಮಾಣವಚನವನ್ನು ನಾಮಪತ್ರ ಸಲ್ಲಿಸಿದ ನಂತರ, ಪರಿಶೀಲನೆಯ ದಿನಕ್ಕೆ ಮೊದಲೇ ಸ್ವೀಕರಿಸಬೇಕು. ಪರಿಶೀಲನೆಯ ದಿನವೇ ಸ್ವೀಕರಿಸಿದರಾಯಿತು ಎಂದು ತಡಮಾಡಿದವರ ನಾಮಪತ್ರ ತಿರಸ್ಕೃತವಾಗಬಹುದು.

ಖರ್ಚು ಮತ್ತು ಪ್ರಚಾರದ ಕಟ್ಟಳೆಗಳು

ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು, ತಪ್ಪಿದವರನ್ನು ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು. ಪರಿಷತ್ತಿನ ಚುನಾವಣೆಗೆ ಇಂತಹ ಮಿತಿಯೇ ಇಲ್ಲ. ವೆಚ್ಚಕ್ಕೆ ಸಂಬಂಧಿಸಿದ ಅಧ್ಯಾಯವು ಲೋಕಸಭೆ ಮತ್ತು ವಿಧಾನಸಭೆಗಳಿಗೆ ಮಾತ್ರ ಅನ್ವಯವೆಂದು 1951ರ ಕಾಯ್ದೆಯ 76ನೇ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಸಂಬಳವನ್ನೇ ನಂಬಿ ಬದುಕಿದ ಶಿಕ್ಷಕ ಅಭ್ಯರ್ಥಿಗೆ ಈ ಲೋಪ ದೊಡ್ಡ ಅಡ್ಡಿ, ಏಕೆಂದರೆ ಎದುರಾಳಿಯ ಹಣಬಲಕ್ಕೆ ಕಾನೂನು ಇಲ್ಲಿ ಎಲ್ಲೆ ಹಾಕಿಲ್ಲ. ಮಿತಿ ಇಲ್ಲವೆಂದ ಮಾತ್ರಕ್ಕೆ ಮತದಾರರಿಗೆ ಉಡುಗೊರೆ, ಔತಣ, ಹಣ ಹಂಚಲು ಅವಕಾಶವಿದೆಯೆಂದು ಅರ್ಥವಲ್ಲ. 123ನೇ ಪ್ರಕರಣದಡಿ ಅದು ಲಂಚ ಎಂಬ ಭ್ರಷ್ಟ ಆಚರಣೆಯೇ ಆಗಿದ್ದು, ಫಲಿತಾಂಶದ ನಂತರ 45 ದಿನದೊಳಗೆ ಉಚ್ಚ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಿ ಆಯ್ಕೆಯನ್ನು ಅಸಿಂಧುಗೊಳಿಸಬಹುದು.

ಸಹೋದ್ಯೋಗಿಗಳ ನೆರವಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಸರ್ಕಾರಿ ಶಾಲೆಯ ಶಿಕ್ಷಕರು ಹಳೆಯ ಗೆಳೆತನದಿಂದ ಅಭ್ಯರ್ಥಿಯ ಚುನಾವಣಾ ಏಜೆಂಟರಾಗಿಯೋ ಮತಗಟ್ಟೆಯ ಅಥವಾ ಎಣಿಕೆಯ ಏಜೆಂಟರಾಗಿಯೋ ಕೂತರೆ, 1951ರ ಕಾಯ್ದೆಯ 134ಎ ಪ್ರಕರಣದ ಪ್ರಕಾರ ಅದು ಮೂರು ತಿಂಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಮತಗಟ್ಟೆಯ ಅಧಿಕಾರಿಗಳಾಗಿ ಎಷ್ಟೋ ಚುನಾವಣೆಗಳನ್ನು ನಡೆಸಿಕೊಟ್ಟ ಶಿಕ್ಷಕರಿಗೆ ನಿಯಮಗಳು ಹೊಸವಲ್ಲ. ಆದರೂ ಮೇಜಿನ ಆಚೆ ಬದಿಗೆ ಹೋದಾಗ ಅವನ್ನು ಮತ್ತೊಮ್ಮೆ ಓದಿಕೊಳ್ಳುವುದು ಉತ್ತಮ.

ಪ್ರಾಶಸ್ತ್ಯದ ಮತ ಮತ್ತು ಎಣಿಕೆ

ವಿಧಾನಸಭೆಯ ಚುನಾವಣೆಯಲ್ಲಿ ಮತಯಂತ್ರದ ಒಂದು ಗುಂಡಿ ಒತ್ತಿದರೆ ಮುಗಿಯಿತು. ಶಿಕ್ಷಕರ ಕ್ಷೇತ್ರದಲ್ಲಿ ಕಾಗದದ ಮತಪತ್ರವಿರುತ್ತದೆ, ಪಕ್ಷದ ಚಿಹ್ನೆ ಇರುವುದಿಲ್ಲ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ ತಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯುತ್ತಾರೆ. ಈ ಪದ್ಧತಿಗೆ ಏಕ ವರ್ಗಾವಣೀಯ ಮತ ಎಂದು ಹೆಸರು, ಏಕೆಂದರೆ ಮತ ಒಂದೇ ಆದರೂ ಮೊದಲ ಆಯ್ಕೆಯ ಅಭ್ಯರ್ಥಿ ಕಣದಿಂದ ಹೊರಬಿದ್ದರೆ ಅದು ಮುಂದಿನ ಆಯ್ಕೆಗೆ ವರ್ಗವಾಗುತ್ತದೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. ಅಂಕಿಗಳು ಸಾಮಾನ್ಯ ರೂಪದಲ್ಲಿರಬಹುದು, ರೋಮನ್ ರೂಪದಲ್ಲಿರಬಹುದು, ೧, ೨, ೩ ಎಂದು ಕನ್ನಡದಲ್ಲಿಯೂ ಇರಬಹುದು. ಆದರೆ ಒಂದು, ಎರಡು ಎಂದು ಅಕ್ಷರಗಳಲ್ಲಿ ಬರೆಯುವಂತಿಲ್ಲ. ಅಂಕಿ 1 ಅನ್ನು ಯಾರಿಗೂ ನೀಡದಿದ್ದರೆ, ಇಬ್ಬರಿಗೆ ನೀಡಿದರೆ, ಒಬ್ಬರ ಮುಂದೆಯೇ 1ರ ಜೊತೆ ಬೇರೆ ಅಂಕಿಯನ್ನೂ ಬರೆದರೆ ಅಥವಾ ಮತದಾರರ ಗುರುತು ಹತ್ತುವಂತೆ ಸಹಿ, ಬರಹ ಇದ್ದರೆ ಮತಪತ್ರ ತಿರಸ್ಕೃತವಾಗುತ್ತದೆ. ಉತ್ತರಪತ್ರಿಕೆ ತಿದ್ದಿದ ಅಭ್ಯಾಸಬಲದಿಂದ ಸರಿ ಗುರುತು ಹಾಕಿದರೂ ಮತ ವ್ಯರ್ಥವೇ.

ಒಂದು ಸ್ಥಾನದ ಚುನಾವಣೆಯಲ್ಲಿ ಗೆಲ್ಲಲು ಬೇಕಾದ ಮತಪ್ರಮಾಣವನ್ನು ಹೀಗೆ ಲೆಕ್ಕಹಾಕುತ್ತಾರೆ: ಕ್ರಮಬದ್ಧ ಮತಗಳನ್ನು ಎರಡರಿಂದ ಭಾಗಿಸಿ, ಶೇಷವಿದ್ದರೆ ಬಿಟ್ಟು, ಒಂದನ್ನು ಕೂಡಿಸಬೇಕು. ತಿಳಿವಳಿಕೆಗಾಗಿ 15,000 ಕ್ರಮಬದ್ಧ ಮತಗಳಿವೆ ಎಂದು ಇಟ್ಟುಕೊಂಡರೆ, ಗೆಲುವಿನ ಪ್ರಮಾಣ 7,501. ಮೊದಲ ಪ್ರಾಶಸ್ತ್ಯದಲ್ಲಿ ‘ಅ’ ಎಂಬವರಿಗೆ 6,000, ‘ಆ’ ಎಂಬವರಿಗೆ 5,000, ‘ಇ’ ಎಂಬವರಿಗೆ 2,500, ‘ಈ’ ಎಂಬವರಿಗೆ 1,500 ಮತ ಬಂದಿದ್ದರೆ ಯಾರೂ ಗೆದ್ದಂತಾಗಲಿಲ್ಲ. ಕೊನೆಯಲ್ಲಿರುವ ‘ಈ’ ಹೊರಬೀಳುತ್ತಾರೆ. ಅವರ ಮತಪತ್ರಗಳಲ್ಲಿನ ಎರಡನೇ ಪ್ರಾಶಸ್ತ್ಯದಂತೆ 200 ‘ಅ’ಗೆ, 600 ‘ಆ’ಗೆ, 400 ‘ಇ’ಗೆ ಹೋಗಿ, ಎರಡನೇ ಅಂಕಿಯೇ ಇಲ್ಲದ 300 ಮತಪತ್ರಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಆಗ ‘ಅ’ 6,200, ‘ಆ’ 5,600, ‘ಇ’ 2,900. ಮುಂದಿನ ಸುತ್ತಿನಲ್ಲಿ ‘ಇ’ ಹೊರಬಿದ್ದು, ಅವರ 2,900 ಮತಗಳಲ್ಲಿ 700 ‘ಅ’ಗೆ, 1,950 ‘ಆ’ಗೆ ವರ್ಗವಾಗಿ, 250 ಹೊರಗುಳಿದರೆ, ‘ಅ’ 6,900ರಲ್ಲಿ ನಿಂತು ‘ಆ’ 7,550 ಮತಗಳೊಂದಿಗೆ ಗೆಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಸಾವಿರ ಮತ ಹಿಂದಿದ್ದವರು ಕೊನೆಗೆ ಗೆದ್ದದ್ದು ಇತರರ ಬೆಂಬಲಿಗರ ಎರಡನೇ ಆಯ್ಕೆಯಿಂದ.

ಇದರಿಂದ ಅಭ್ಯರ್ಥಿ ಕಲಿಯಬೇಕಾದ ಪಾಠ ಸ್ಪಷ್ಟ: ಎದುರಾಳಿಗೆ ಮೊದಲ ಮತ ಹಾಕಲು ನಿರ್ಧರಿಸಿದ ಶಿಕ್ಷಕರ ಬಳಿಯೂ ಎರಡನೇ ಮತ ಕೇಳಲು ಹೋಗಬೇಕು, ಆದ್ದರಿಂದಲೇ ಕಟುವಾದ ವೈಯಕ್ತಿಕ ಟೀಕೆ ಈ ಪದ್ಧತಿಯಲ್ಲಿ ನಷ್ಟದ ಬಾಬತ್ತು. ಮತದಾರರು ಕಲಿಯಬೇಕಾದದ್ದೂ ಇದೆ: 1 ಎಂದು ಬರೆದು ಕೈ ಬಿಟ್ಟವರ ಮತ, ಮೇಲಿನ ಉದಾಹರಣೆಯ 300 ಮತಗಳಂತೆ, ಅಂತಿಮ ತೀರ್ಮಾನದಲ್ಲಿ ಪಾಲ್ಗೊಳ್ಳದೆ ಹೋಗಬಹುದು.

ಆಯ್ಕೆಯಾದವರು ಏನು ಮಾಡಬಲ್ಲರು

ಅಭ್ಯರ್ಥಿಗಳ ಆಶ್ವಾಸನೆಗಳನ್ನು ತೂಗಿ ನೋಡಲು ಪರಿಷತ್ತಿನ ಅಧಿಕಾರದ ಅಳತೆ ತಿಳಿದಿರಬೇಕು. ಸಂವಿಧಾನದ 198ನೇ ವಿಧಿಯ ಪ್ರಕಾರ ಹಣಕಾಸು ಮಸೂದೆಯನ್ನು, ಅಂದರೆ ತೆರಿಗೆ ಮತ್ತು ಸರ್ಕಾರದ ವೆಚ್ಚಕ್ಕೆ ಸಂಬಂಧಿಸಿದ ಮಸೂದೆಯನ್ನು, ಪರಿಷತ್ತು 14 ದಿನ ಮಾತ್ರ ಇಟ್ಟುಕೊಂಡು ಶಿಫಾರಸು ಮಾಡಬಹುದು. ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಅದನ್ನು ಮರಳಿ ಅಂಗೀಕರಿಸಿ ಕಳುಹಿಸಿದರೆ ಇನ್ನೊಂದು ತಿಂಗಳು ತಡೆಯಬಹುದು. ಕೊನೆಯ ಮಾತು ವಿಧಾನಸಭೆಯದೇ. ಆದ್ದರಿಂದ ಹಳೆಯ ಪಿಂಚಣಿ ಯೋಜನೆಯ ಮರುಜಾರಿ, 1995ರ ನಂತರ ಆರಂಭವಾದ ಶಾಲೆಗಳಿಗೆ ಅನುದಾನ, ಅನುದಾನಿತ ನೌಕರರ ಕಾಲ್ಪನಿಕ ವೇತನ, ಅತಿಥಿ ಉಪನ್ಯಾಸಕರ ಸೇವಾ ಭದ್ರತೆ ಮುಂತಾದ ಬೇಡಿಕೆಗಳನ್ನು ತಾವೇ ಮಂಜೂರು ಮಾಡಿಸುವುದಾಗಿ ಪರಿಷತ್ತಿನ ಅಭ್ಯರ್ಥಿ ಹೇಳಿದರೆ ಅದು ಅಧಿಕಾರ ಮೀರಿದ ಮಾತು. ಅವರು ಮಾಡಬಲ್ಲದ್ದು ಪ್ರಶ್ನೋತ್ತರ ಅವಧಿಯಲ್ಲಿ ಸಚಿವರಿಂದ ಲಿಖಿತ ಉತ್ತರ ಪಡೆಯುವುದು, ಗಮನ ಸೆಳೆಯುವ ಸೂಚನೆ ಮಂಡಿಸುವುದು, ಸದನ ಸಮಿತಿಗಳಲ್ಲಿ ಕಡತಗಳನ್ನು ಪರಿಶೀಲಿಸುವುದು, ಮಸೂದೆಗಳಿಗೆ ತಿದ್ದುಪಡಿ ಸೂಚಿಸುವುದು. ಇವು ಚಿಕ್ಕ ಕೆಲಸಗಳಲ್ಲ. ನೇಮಕಾತಿ ನಿಯಮದ ಒಂದು ಉಪವಾಕ್ಯದ ತಿದ್ದುಪಡಿ ಸಾವಿರಾರು ಶಿಕ್ಷಕರ ಸೇವಾ ಜ್ಯೇಷ್ಠತೆಯನ್ನು ಬದಲಿಸಬಲ್ಲದು, ಅದನ್ನು ಓದಿದೊಡನೆ ಗುರುತಿಸುವ ಕಣ್ಣು ತರಗತಿಯ ಮತ್ತು ಇಲಾಖೆಯ ಅನುಭವವಿದ್ದವರಿಗೇ ಹೆಚ್ಚಾಗಿ ಇರುತ್ತದೆ.

ವಿಧಾನಸಭೆಯ ದಾರಿ ಹಿಡಿಯುವ ಶಿಕ್ಷಣತಜ್ಞರಿಗೆ ಅಧಿಕಾರ ಹೆಚ್ಚು, ಹಾಗೆಯೇ ಸವಾಲೂ ಹೆಚ್ಚು. ಅಲ್ಲಿನ ಮತದಾರರು ಶಾಲೆಗಿಂತ ಮೊದಲು ರಸ್ತೆ, ನೀರು, ಪಡಿತರದ ಪ್ರಶ್ನೆ ಕೇಳುತ್ತಾರೆ. ಎರಡು ಕಣಗಳು ಎಷ್ಟು ಬೇರೆ ಎಂಬುದಕ್ಕೆ ಪುಟ್ಟಣ್ಣ ಅವರ ಉದಾಹರಣೆ ಸಾಕು: 2020ರಲ್ಲಿ ಬೆಂಗಳೂರು ಶಿಕ್ಷಕರ ಕ್ಷೇತ್ರದಿಂದ ಗೆದ್ದಿದ್ದ ಅವರು 2023ರಲ್ಲಿ ಆ ಸ್ಥಾನ ತೊರೆದು ರಾಜಾಜಿನಗರ ವಿಧಾನಸಭಾ ಕ್ಷೇತ್ರದಲ್ಲಿ ಸ್ಪರ್ಧಿಸಿ ಸೋತರು, ಮರುವರ್ಷದ ಫೆಬ್ರವರಿಯಲ್ಲಿ ನಡೆದ ಉಪಚುನಾವಣೆಯಲ್ಲಿ ಬೇರೆ ಪಕ್ಷದ ಅಭ್ಯರ್ಥಿಯಾಗಿ ಅದೇ ಶಿಕ್ಷಕರ ಕ್ಷೇತ್ರದಿಂದ ಮತ್ತೆ ಗೆದ್ದರು.

ಶಿಕ್ಷಕರ ಪ್ರತಿನಿಧಿ ಶಿಕ್ಷಕರೇ ಆಗಿರಬೇಕೆಂದು ಬಯಸುವವರಿಗೆ ಕಾನೂನು ಆ ಭರವಸೆ ಕೊಟ್ಟಿಲ್ಲ, ಕೊಟ್ಟಿರುವುದು ಮತಪತ್ರವೊಂದನ್ನೇ. ಆ ಮತಪತ್ರ ಕೈಗೆ ಬರಬೇಕಾದರೂ ಪ್ರತಿ ಚುನಾವಣೆಗೆ ಮುಂಚೆ ನಮೂನೆ 19ನ್ನು ಹೊಸದಾಗಿ ತುಂಬಬೇಕು. 2020ರಲ್ಲಿ ಚುನಾವಣೆ ನಡೆದ ಈಶಾನ್ಯ ಮತ್ತು ಬೆಂಗಳೂರು ಶಿಕ್ಷಕರ ಕ್ಷೇತ್ರಗಳ ಆರು ವರ್ಷದ ಅವಧಿ 2026ಕ್ಕೆ, 2022ರಲ್ಲಿ ನಡೆದ ಪಶ್ಚಿಮ ಮತ್ತು ವಾಯವ್ಯದ ಅವಧಿ 2028ಕ್ಕೆ, 2024ರಲ್ಲಿ ನಡೆದ ಆಗ್ನೇಯ, ನೈಋತ್ಯ ಮತ್ತು ದಕ್ಷಿಣದ ಅವಧಿ 2030ಕ್ಕೆ ಮುಗಿಯುತ್ತದೆ. ತಮ್ಮ ಕ್ಷೇತ್ರದ ವರ್ಷವನ್ನು ಗುರುತು ಹಾಕಿಕೊಂಡು, ಅದರ ಹಿಂದಿನ ಚಳಿಗಾಲದಿಂದಲೇ ಪ್ರಾದೇಶಿಕ ಆಯುಕ್ತರ ಕಚೇರಿಯ ಪ್ರಕಟಣೆಯ ಮೇಲೆ ಕಣ್ಣಿಟ್ಟು, ಸೇವಾ ದೃಢೀಕರಣ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಪ್ರತಿಯೊಬ್ಬ ಅರ್ಹ ಶಿಕ್ಷಕರೂ ಮಾಡಬೇಕಾದ ಮೊದಲ ಕೆಲಸ.